ಮೋಡದ ಗುಮಾಸ್ತರೂ ಹಾಜರಿ ಹಾಕದ ಚಾಕರನೂ

ಕೆಲವರ ಹಣೆಯಲ್ಲಿ ಕುದುರೆ ಏರುವುದು ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಕುದುರೆಗೆ ಹುಲ್ಲು ಹಾಕುವುದು. ನಮ್ಮ ಗುಮಾಸ್ತರ ಹಣೆಯಲ್ಲಿ ಇಪ್ಪತ್ತೆರಡು ವರ್ಷ ಬರೆದಿದ್ದು ಒಂದೇ: ಸಾರ್ವಜನಿಕ ಗ್ರಂಥಾಲಯದ ರಿಜಿಸ್ಟರು. ಬಂದ ಪುಸ್ತಕ ಬರೆದುಕೋ, ಹೋದ ಪುಸ್ತಕ ಬರೆದುಕೋ, ತಿಂಗಳ ಕೊನೆಗೆ ಗೆರೆ ಎಳೆ, ಹೊಸದು ತೆಗೆ. ಅವರ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ಘಟನೆಗಳು. ಬರೆದಿಟ್ಟವು ಮತ್ತು ನಡೆಯದೇ ಇದ್ದವು. ಸೂರ್ಯ ಹುಟ್ಟಿದ್ದನ್ನೂ ಅವರು ಕ್ಯಾಲೆಂಡರಿನ ಚೀಟಿ ಹರಿದ ಮೇಲೆಯೇ ಒಪ್ಪಿಕೊಳ್ಳುತ್ತಿದ್ದರು.

ಇಂಥವರ ಕೈಗೆ ಇಪ್ಪತ್ತಮೂರನೇ ವರ್ಷ ಒಬ್ಬ ಚಾಕರ ಬಂದ. ಎಂಥ ಚಾಕರ! ಅಜ್ಜಿಯರ ಕಥೆಗಳಲ್ಲಿ ಚಪ್ಪಾಳೆ ಹೊಡೆದರೆ ಪ್ರತ್ಯಕ್ಷವಾಗಿ, ಹೇಳಿದ ಕೆಲಸ ಮುಗಿಸಿ, ಹೊಗೆಯಾಗಿ ಹೋಗುವ ಭೂತವಿರುತ್ತದಲ್ಲ, ಅಂಥವನು. ಅವನಿಗೆ ಮೈಯಿಲ್ಲ, ಕೂರಲು ಕುರ್ಚಿ ಬೇಡ, ರಜೆ ಬೇಡ. ವಾಸ ಎಲ್ಲೋ ದೂರದ ಕಂಪ್ಯೂಟರುಗಳ ಕ್ಲೌಡಿನಲ್ಲಿ, ಅಂದರೆ ಮೋಡದಲ್ಲಿ. ಕೌಂಟರಿನಲ್ಲಿ ವಾಪಸು ಬಂದ ಪುಸ್ತಕವನ್ನು ಸ್ಕ್ಯಾನ್ ಮಾಡಿ 'ಟಿಕ್' ಎನ್ನಿಸಿದರೆ ಸಾಕು, ಎದ್ದು ಬಂದು, ಈ ಪುಸ್ತಕಕ್ಕಾಗಿ ಯಾರು ಹೆಸರು ಬರೆಸಿ ಕಾಯುತ್ತಿದ್ದಾರೆಂದು ನೋಡಿ, ಅವರ ಫೋನಿಗೆ 'ನೀವು ಕಾಯ್ದಿರಿಸಿದ ಪುಸ್ತಕ ಬಂದಿದೆ' ಎಂದು ಸಂದೇಶ ಕಳಿಸಿ, ಮಾಡಿದ್ದನ್ನು ಒಂದು ಸಾಲು ಬರೆದಿಟ್ಟು ಮಾಯವಾಗುತ್ತಿದ್ದ. ಆ ಸಾಲುಗಳ ಪಟ್ಟಿಗೆ ಲಾಗ್ ಎಂದು ಹೆಸರು. ಗುಮಾಸ್ತರು ಅದನ್ನು ನೋಡಿದ ಮೊದಲ ದಿನವೇ ಕಣ್ಣೀರು ತಂದುಕೊಂಡಿದ್ದರು. ಮೈಯಿಲ್ಲದವನೂ ರಿಜಿಸ್ಟರು ಬರೆಯುತ್ತಾನೆ ಅಂದರೆ!

ವ್ಯವಸ್ಥೆ ಜೋಡಿಸಿಕೊಟ್ಟ ಎಂಜಿನಿಯರಮ್ಮ ಹೋಗುವ ಮುನ್ನ ಎರಡು ವಿಷಯ ಕೇಳಿದ್ದಳು. ಒಂದು, "ಪರೀಕ್ಷೆ ಗುಂಡಿ ಒತ್ತಿದ್ರೆ ಯಾರ ನಂಬರಿಗೆ ಮೆಸೇಜ್ ಹೋಗ್ಲಿ ಸರ್?" ಗುಮಾಸ್ತರು ಹಿಂದೆಮುಂದೆ ನೋಡದೆ ತಮ್ಮ ಅತ್ತೆಯ ನಂಬರು ಕೊಟ್ಟಿದ್ದರು. ಕಾರಣ ಆಮೇಲೆ ಹೇಳುವಂಥದ್ದು. ಎರಡನೆಯದು, "ಲಾಗ್ ಪುಟದ ಮೇಲೆ 'ಇಂದ' 'ವರೆಗೆ' ಅಂತ ಎರಡು ಖಾನೆ ಇವೆ. ಅವನ್ನ ಹಾಗೇ ಖಾಲಿ ಬಿಡಿ ಸರ್."

ಖಾಲಿ ಬಿಡುವುದು! ಯಾವ ಬಾಯಲ್ಲಿ ಆ ಮಾತು ಬಂತೋ. ಆ ಗ್ರಂಥಾಲಯದಲ್ಲಿ 'ಇಂದ – ವರೆಗೆ' ಬರೆಯದೆ ಒಂದು ರಿಜಿಸ್ಟರನ್ನೂ ತೆರೆದ ಇತಿಹಾಸವಿಲ್ಲ. ಅವಳು ಮೆಟ್ಟಿಲು ಇಳಿದದ್ದೇ ತಡ, ಗುಮಾಸ್ತರು ಒಂದನೇ ತಾರೀಖಿನಿಂದ ಮೂವತ್ತೊಂದನೇ ತಾರೀಖಿನವರೆಗೆ ಎಂದು ಎರಡೂ ಖಾನೆಗಳನ್ನು ತುಂಬಿ, ಆ ಪುಟಕ್ಕೆ ಹಾಗೆಯೇ ಕಂಪ್ಯೂಟರಿನಲ್ಲಿ ಬುಕ್‌ಮಾರ್ಕಿನ ಗುರುತು ಹಾಕಿಟ್ಟು, ಮೀಸೆ ನೇವರಿಸಿಕೊಂಡರು. ಅಂದಿನಿಂದ ದಿನಾ ಬೆಳಿಗ್ಗೆ ಅದೇ ಗುರುತು ಒತ್ತಿ, ಅದೇ ಪುಟ ತೆರೆದು, ಚಾಕರ ಬರೆದ ಸಾಲುಗಳನ್ನು ಮಕ್ಕಳ ಮಗ್ಗಿ ಕೇಳುವವರಂತೆ ತಲೆಯಾಡಿಸುತ್ತಾ ಓದುವರು. ಬೀದಿಯವರು ಅವರನ್ನು 'ಮೋಡದ ಗುಮಾಸ್ತರು' ಎಂದು ಕರೆಯತೊಡಗಿದರು. ಅರ್ಧ ಜನ ಗೇಲಿಗೆ ಕರೆದರು. ಗುಮಾಸ್ತರು ಎಲ್ಲರಿಗೂ 'ಹ್ಞಾಂ' ಎಂದು ಓಗೊಟ್ಟರು.

ಒಬ್ಬರು ಮಾತ್ರ ಕರೆಯಲಿಲ್ಲ. ಅವರ ಅತ್ತೆ.

ಅತ್ತೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ವಾರ್ಡಿನ ಹಿರಿಯ ಸಿಸ್ಟರ್ ಆಗಿದ್ದವರು. ಅವರು ಬಾಗಿಲಲ್ಲಿ ನಿಂತರೆ ಕಾಯಿಲೆಗಳೇ ಸಾಲಾಗಿ ನಿಲ್ಲುತ್ತಿದ್ದವಂತೆ. ಅವರಿಗೆ ಇಬ್ಬರು ಅಳಿಯಂದಿರು. ಹಿರಿಯವರು ಸೇತುವೆ ಕಟ್ಟುವವರು. ಯಾರಾದರೂ ಮನೆಗೆ ಬಂದರೆ ಅತ್ತೆ ಪರಿಚಯಿಸುವ ಕ್ರಮವೇ ಹೀಗೆ: "ಇವರು ನಮ್ಮ ಅಳಿಯಂದಿರು, ಸೇತುವೆ ಕಟ್ತಾರೆ." ಆಮೇಲೆ ಕಿಟಕಿಯ ಕಡೆ ಕೈತೋರಿಸಿದ ಹಾಗೆ, "ಅವರು ನಮ್ಮ ಚಿಕ್ಕವಳ ಮನೆಯವರು." ಅಷ್ಟೇ. ಹದಿನೆಂಟು ವರ್ಷದಲ್ಲಿ ಒಂದು ಸಲವಾದರೂ 'ನಮ್ಮ ಅಳಿಯ' ಎಂದದ್ದಿಲ್ಲ. ಸೇತುವೆಯ ಮುಂದೆ ರಿಜಿಸ್ಟರು ಎತ್ತಿ ಹಿಡಿಯುವುದಾದರೂ ಹೇಗೆ? ಮೋಡ ಸಿಕ್ಕಾಗ ಗುಮಾಸ್ತರಿಗೆ ಮೊದಲು ಹೊಳೆದದ್ದು ಅದೇ, ಪರೀಕ್ಷೆಗೆ ಅತ್ತೆಯ ನಂಬರು ಕೊಟ್ಟದ್ದೂ ಅದಕ್ಕೇ. ಸೇತುವೆ ಎಷ್ಟೆಂದರೂ ನದಿಯ ಮೇಲೆ. ಮೋಡ ಸೇತುವೆಯ ಮೇಲೆ!

ಹೀಗೆ ಒಂದು ತಿಂಗಳು ಸುಖವಾಗಿ ಕಳೆಯಿತು. ಹೊಸ ತಿಂಗಳ ಒಂದನೇ ತಾರೀಖು ಗ್ರಂಥಾಲಯಕ್ಕೆ ವಾರದ ರಜೆ. ಎರಡನೇ ತಾರೀಖು ಸಂಜೆ ನಾಲ್ಕಕ್ಕೆ ತಪಾಸಣಾಧಿಕಾರಿಗಳು ಬರುವುದೆಂದು ಕಾಗದ ಬಂದಿತ್ತು. ಅವರು ಲಾಗ್ ನೋಡಿ ಮೆಚ್ಚಿದರೆ ಚಾಕರನೂ ಗುಮಾಸ್ತರ 'ಉಸ್ತುವಾರಿ' ಎಂಬ ಹೊಸ ಹುದ್ದೆಯೂ ಕಾಯಂ. ಮೆಚ್ಚದಿದ್ದರೆ ಮತ್ತೆ ಹಳೇ ಕುರ್ಚಿ, ಹಳೇ ರಿಜಿಸ್ಟರು.

ಎರಡನೇ ತಾರೀಖು ಬೆಳಿಗ್ಗೆ ಒಂಬತ್ತೂವರೆಗೆ ಗುಮಾಸ್ತರು ಇಸ್ತ್ರಿ ಅಂಗಿ ತೊಟ್ಟು, ಮೂರು ಪುಸ್ತಕ 'ಟಿಕ್ ಟಿಕ್ ಟಿಕ್' ಎನ್ನಿಸಿ, ಗುರುತು ಒತ್ತಿ ಪುಟ ತೆರೆದರು. ಕೊನೆಯ ಸಾಲು: ಮೂವತ್ತೊಂದನೇ ತಾರೀಖು, ಸಂಜೆ ಐದು ಐವತ್ತೆಂಟು. ಅದರ ಕೆಳಗೆ ಬಿಳಿ. ಬರೀ ಬಿಳಿ.

"ಬರೀತಾನೆ, ಬರೀತಾನೆ. ರಜೆ ಮುಗಿಸಿ ಬಂದಿದ್ದಾನೆ, ಮೈ ಮುರೀಲಿ," ಎಂದು ಗುಮಾಸ್ತರು ಐದು ನಿಮಿಷ ಕಾದರು. ಹತ್ತು ನಿಮಿಷ ಕಾದರು. ಆಮೇಲೆ ಮೇಜಿನ ಮೇಲಿನ ಪರೀಕ್ಷೆ ಗುಂಡಿ ಒತ್ತಿದರು. ಪರದೆಯ ಮೇಲೆ 'ಸರಿ' ಎಂದು ಬಂತು. ಲಾಗ್ ತೆರೆದರೆ ಬಿಳಿ. ಮತ್ತೆ ಒತ್ತಿದರು. 'ಸರಿ.' ಬಿಳಿ. 'ಸರಿ.' ಬಿಳಿ.

"ಬಾಯಲ್ಲಿ ಸರಿ ಅನ್ನೋಕೆ ಯಾರಿಗೇನು ಕಷ್ಟ?" ಗುಮಾಸ್ತರು ಪರದೆಗೇ ಗದರಿದರು. "ಬರೆದಿದ್ದೆಲ್ಲಿ?"

ಪಕ್ಕದ ಮೇಜಿನಲ್ಲಿ ಗೋಂದು ಕಲಸುತ್ತಿದ್ದ ಬೈಂಡರು ಇಣುಕಿ ನೋಡಿದ. ಹರಿದ ಪುಸ್ತಕ ಹೊಲಿದು ಹೊಲಿದು ಅವನಿಗೆ ಲೋಕದ ಸಕಲ ಸಂಕಟವೂ ಹೊಲಿಗೆಯದೇ ಎಂದು ಗಟ್ಟಿಯಾಗಿತ್ತು. "ಹೊಲಿಗೆ ಬಿಟ್ಟಿದೆ ಸಾರ್. ಕೊನೇ ಹಾಳೆಗಳು ಎಲ್ಲೋ ಉದುರಿರ್ತವೆ. ಮೇಜಿನ ಕೆಳಗೆ ನೋಡಿದ್ರಾ?"

ಗುಮಾಸ್ತರು ನೋಡಿದರು. ನೋಡಿದ್ದು ಸುಳ್ಳಲ್ಲ. ಮೇಜಿನ ಕೆಳಗೆ ಮೊಣಕಾಲೂರಿ ಕ್ಲೌಡಿನ ಲಾಗ್ ಹುಡುಕಿದ ಮೊದಲ ಮಾನವರೆಂಬ ಕೀರ್ತಿ ಅವರಿಗೇ ಸೇರಬೇಕು.

ಅವರು ಮೇಜಿನ ಕೆಳಗಿರುವಾಗಲೇ ಕೌಂಟರಿನ ಮುಂದೆ ಬಣ್ಣಬಣ್ಣದ ಚೀಲ ಹಿಡಿದ ದರ್ಜಿಯಮ್ಮ ಬಂದು ನಿಂತರು. "ಸಾರ್, ನನ್ನ ಪುಸ್ತಕ ಬಂದಿದೆಯಂತೆ. ಮೆಸೇಜ್ ಬಂತು, ಈಗ ಇಪ್ಪತ್ತು ನಿಮಿಷ ಆಯ್ತು."

"ಸಾಧ್ಯವೇ ಇಲ್ಲ ಕಣಮ್ಮ."

"ಇಗೋ ನೋಡಿ, ಫೋನಲ್ಲಿದೆ."

"ನಿಮ್ಮ ಫೋನಲ್ಲಿ ಇರಬಹುದು. ಲಾಗಿನಲ್ಲಿ ಇಲ್ಲವಲ್ಲ! ಲಾಗಿನಲ್ಲಿ ಇಲ್ಲ ಅಂದ್ರೆ ಹೋಗಿಲ್ಲ. ಹೋಗದೇ ಇದ್ದದ್ದು ನಿಮಗೆ ಹೇಗೆ ಬರುತ್ತೆ? ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಇಲ್ಲಿ ದೊಡ್ಡ ಅನಾಹುತ ಆಗಿದೆ."

ದರ್ಜಿಯಮ್ಮ ಅನಾಹುತವೆಂದರೆ ಬಿಟ್ಟುಹೋಗುವವರಲ್ಲ. ಕೂತರು. ಸ್ವಲ್ಪ ಹೊತ್ತಿಗೆ ಬೀಗ ರಿಪೇರಿಯವನು ಬಂದ, ಅವನಿಗೂ ಮೆಸೇಜ್ ಬಂದಿತ್ತು, ಅವನನ್ನೂ ಕೂರಿಸಿದರು. ಆಮೇಲೆ ಒಬ್ಬಳು ವಿದ್ಯಾರ್ಥಿನಿ. ಮಧ್ಯಾಹ್ನದ ಹೊತ್ತಿಗೆ ಬೆಂಚಿನ ಮೇಲೆ ಐದು ಜನ ಐದು ಫೋನು ಹಿಡಿದು ಸಾಲಾಗಿ ಕೂತಿದ್ದರು. ಐವರ ಫೋನಿನಲ್ಲೂ ಬೆಳಗಿನ ಸಂದೇಶ ಬೆಳಗುತ್ತಿತ್ತು. ಚಾಕರ ಕೆಲಸ ಮಾಡುತ್ತಿದ್ದಾನೋ ಇಲ್ಲವೋ ಎಂದು ಅವರ ಮುಂದೆಯೇ ಚರ್ಚೆ ನಡೆಯುತ್ತಿತ್ತು.

ಚರ್ಚೆಯ ಮುಂದಾಳು ಹವಾಲ್ದಾರರು. ನಿವೃತ್ತರಾಗಿ ಎಂಟು ವರ್ಷವಾದರೂ ಪತ್ರಿಕೆ ಓದಲು ಬರುವಾಗ ಬೂಟು ಹಾಕಿಯೇ ಬರುತ್ತಿದ್ದವರು. ಪ್ರಕರಣದ ವಾಸನೆ ಬಡಿದದ್ದೇ ಪತ್ರಿಕೆ ಮಡಚಿಟ್ಟು ಗುಮಾಸ್ತರ ಎದುರು ಕುರ್ಚಿ ಎಳೆದರು.

"ಕೊನೇ ಸಲ ಕಂಡಿದ್ದು ಯಾವಾಗ?"

"ಮೂವತ್ತೊಂದು, ಸಂಜೆ ಐದು ಐವತ್ತೆಂಟು."

"ಮೈಮೇಲೆ ಏನಿತ್ತು?"

"ಮೈಯೇ ಇಲ್ಲ ಹವಾಲ್ದಾರರೇ."

"ಎತ್ತರ?"

"ಮೋಡದಲ್ಲಿರೋದು."

"ಎತ್ತರದ ಆಸಾಮಿ," ಎಂದು ಹವಾಲ್ದಾರರು ಬರೆದುಕೊಂಡರು. "ಯಾರ ಮೇಲಾದ್ರೂ ಅನುಮಾನ?"

ಬೈಂಡರು ತಾನಾಗಿಯೇ ಹೆಗಲು ಒರೆಸಿಕೊಂಡ. ಕುಂಬಳಕಾಯಿ ಯಾರೂ ಕದ್ದಿರಲಿಲ್ಲ, ಹೆಗಲ ಮೇಲಿದ್ದದ್ದು ಗೋಂದು. ಆದರೂ ಹವಾಲ್ದಾರರು ಅದನ್ನೂ ಬರೆದುಕೊಂಡರು.

ಇನ್ನು ಕ್ಲೌಡ್ ಕಂಪನಿಯವರನ್ನೇ ಕೇಳುವುದೆಂದು ಗುಮಾಸ್ತರು ಪರದೆಯ ಮೇಲಿನ ಸಹಾಯದ ಕಿಟಕಿಯಲ್ಲಿ ತಮ್ಮ ಕಷ್ಟ ಟೈಪು ಮಾಡಿದರು. ಆ ಕಡೆಯಿಂದ ಯಾರೋ ಪುಣ್ಯಾತ್ಮರು ತಕ್ಷಣ ಉತ್ತರಿಸಿದರು: "ದಯವಿಟ್ಟು ಪುಟದ ಮೇಲಿನ ದಿನಾಂಕಗಳನ್ನು ಪರಿಶೀಲಿಸಿ."

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅಭಿಮಾನ ಎನ್ನುವುದು ಒಂದಿದೆಯಲ್ಲ.

"ದಿನಾಂಕ! ನನಗೆ!" ಗುಮಾಸ್ತರ ಕಿವಿ ಕೆಂಪಾಯಿತು. "ಇಪ್ಪತ್ತೆರಡು ವರ್ಷ ರಿಜಿಸ್ಟರು ಬರೆದವನಿಗೆ ದಿನಾಂಕ ಹಾಕೋದು ಹೇಳಿಕೊಡ್ತಾರಲ್ಲ!" ಎಂದು ಗೊಣಗಿ, 'ದಿನಾಂಕಗಳನ್ನು ನಾನೇ ಸ್ವತಃ ನಮೂದಿಸಿರುತ್ತೇನೆ, ತಪ್ಪಿರಲು ಸಾಧ್ಯವಿರುವುದಿಲ್ಲ' ಎಂದು ಉತ್ತರ ಕುಟ್ಟಿದರು. ಆ ಕಡೆಯ ಪುಣ್ಯಾತ್ಮರು ಮತ್ತೆ ಬರೆದರು: "ಹಾಗಾದರೆ ಲಾಗ್ ಬರೆಯಲು ಅನುಮತಿ ಇದೆಯೇ ನೋಡಿ."

ಹ್ಞಾಂ, ಇದು ಮಾತು! ಗುಮಾಸ್ತರು ಓಡಿದ್ದು ಮುಖ್ಯ ಗ್ರಂಥಪಾಲಕಿಯವರ ಕೋಣೆಗೆ. ಮೇಡಂ ತಪಾಸಣೆಯ ಭಯದಲ್ಲಿ ಬೆಳಗಿನಿಂದ ಒಂದೇ ಕಡತವನ್ನು ಏಳು ಸಲ ಕಟ್ಟಿ ಬಿಚ್ಚಿದ್ದರು.

"ಮೇಡಂ, ಅವನಿಗೆ ಬರೆಯೋಕೆ ಅನುಮತಿನೇ ಇಲ್ವಂತೆ!"

"ಯಾರು ಇಲ್ಲ ಅಂದಿದ್ದು? ನಾನು ಯಾವತ್ತಾದ್ರೂ ಇಲ್ಲ ಅಂದಿದ್ದೀನಾ?" ಮೇಡಂ ಅಲ್ಲೇ ಹಾಳೆ ಎಳೆದು 'ಅನುಮತಿ ನೀಡಲಾಗಿದೆ' ಎಂದು ಬರೆದು, ಸಹಿ ಹಾಕಿ, ದುಂಡು ಮೊಹರು ಒತ್ತಿಕೊಟ್ಟರು. ಗುಮಾಸ್ತರು ಅದನ್ನು ತಂದು ಪರದೆಯ ಎದುರು ಎರಡು ಕೈಯಲ್ಲಿ ಹಿಡಿದು ನಿಂತರು. ಮೊಹರು ಸರಿಯಾಗಿ ಕಾಣಲೆಂದು ಬೈಂಡರು ಟಾರ್ಚು ಬಿಟ್ಟ. ಒಂದು ನಿಮಿಷ ಆದ ಮೇಲೆ ಗುಂಡಿ ಒತ್ತಿದರು. 'ಸರಿ.' ಬಿಳಿ.

"ಅನುಮತಿ ಕೊಟ್ಟ ಮೇಲೂ ಬರೆಯಲ್ಲ ಅಂದ್ರೆ ಇದು ಅವಿಧೇಯತೆ," ಎಂದರು ಹಿಂದೆಯೇ ಬಂದಿದ್ದ ಮೇಡಂ. "ಕಾರಣ ಕೇಳಿ ನೋಟಿಸ್ ಕೊಡೋಣ. ಅಧಿಕಾರಿಗಳು ಬಂದಾಗ ನಾವು ಕೈಕಟ್ಟಿ ಕೂತಿರಲಿಲ್ಲ ಅಂತಾದ್ರೂ ತೋರಿಸಬಹುದು."

'ದಿನಾಂಕ ಎರಡರಂದು ಪೂರ್ವಾನುಮತಿಯಿಲ್ಲದೆ ಕರ್ತವ್ಯಕ್ಕೆ ಗೈರುಹಾಜರಾಗಿದ್ದು, ಈ ಬಗ್ಗೆ ನಿಮ್ಮ ಸಮಜಾಯಿಷಿ...' ನೋಟಿಸು ಚೆನ್ನಾಗಿಯೇ ಬಂತು. ಜಾರಿ ಮಾಡುವುದು ಎಲ್ಲಿ ಎನ್ನುವ ಪ್ರಶ್ನೆ ಎದ್ದಿತು.

"ಆಸಾಮಿ ಸಿಗದಿದ್ರೆ ಕೊನೇ ವಾಸಸ್ಥಳದ ಗೋಡೆಗೆ ಅಂಟಿಸೋದು ಪದ್ಧತಿ," ಎಂದರು ಹವಾಲ್ದಾರರು. ಬೈಂಡರು ಕಂಪ್ಯೂಟರಿನ ಬೆನ್ನಿಗೆ ಗೋಂದು ಹಚ್ಚಿ ಅಂಟಿಸಿದ. ಹೊಲಿಗೆಯ ಹಾಗೆಯೇ ಅಂಟಿಸುವುದರಲ್ಲೂ ಅವನು ನಿಪುಣ. ಅದು ಇವತ್ತಿಗೂ ಕಿತ್ತು ಬಂದಿಲ್ಲ.

ಮಧ್ಯೆ ಹೆಂಡತಿಯ ಫೋನು ಬಂತು. "ರೀ, ಅಮ್ಮ ಬೆಳಗಿಂದ ಏನೇನೋ ಕೇಳ್ತಾ ಇದ್ದಾರೆ, ನಿಮ್ಮ ಲೈಬ್ರರಿ ಎಷ್ಟು ಹೊತ್ತು ತೆಗೆದಿರುತ್ತೆ ಅಂತ. ಇವತ್ತು ತಪಾಸಣೆ ಅಂತ ಹೇಳ್ಬಿಟ್ಟೆ. ತಪ್ಪಾಯ್ತಾ?"

ಗುಮಾಸ್ತರಿಗೆ ಕಾಲಕೆಳಗಿನ ನೆಲ ಜಾರಿತು. ಅಂದರೆ ಅತ್ತೆಯ ಕಿವಿಗೂ ಬಿತ್ತು. ಇನ್ನು ಮೋಡ ಕೈಬಿಟ್ಟ ಸುದ್ದಿಯೂ ಬೀಳುತ್ತದೆ. 'ಚಿಕ್ಕವಳ ಮನೆಯವರು' ಎನ್ನುವ ಆ ಮಾತಾದರೂ ಉಳಿಯುತ್ತದೋ ಇಲ್ಲವೋ. ಅವರು ಫೋನಿಟ್ಟು, ಮುಳುಗುವವನು ನೀರು ಬಡಿಯುವಂತೆ ಪರೀಕ್ಷೆ ಗುಂಡಿಯನ್ನು ಬಡಿಯತೊಡಗಿದರು. 'ಸರಿ, ಸರಿ, ಸರಿ, ಸರಿ.'

ಸರಿಯಾಗಿ ನಾಲ್ಕಕ್ಕೆ ತಪಾಸಣಾಧಿಕಾರಿಗಳು ಬಂದರು. ತೆಳ್ಳಗೆ, ಉದ್ದಕ್ಕೆ, ಬಳಪದ ಕಡ್ಡಿಯಂತೆ. ಬೆಂಚಿನ ಮೇಲಿನ ಐವರನ್ನು ನೋಡಿದರು, ಕಂಪ್ಯೂಟರಿನ ಬೆನ್ನಿಗಿದ್ದ ನೋಟಿಸನ್ನು ಪೂರ್ತಿ ಓದಿದರು. "ಇವತ್ತಿನ ಲಾಗ್ ತೋರಿಸಿ," ಎಂದರು.

ಗುಮಾಸ್ತರು ಪುಟ ತೆರೆದರು. ಅಧಿಕಾರಿಗಳು ಬಿಳಿಯನ್ನು ದೀರ್ಘವಾಗಿ ನೋಡಿದರು.

"ಅಂದರೆ ಇವತ್ತು ಇದು ಕೆಲಸವನ್ನೇ ಮಾಡಿಲ್ಲ."

"ಬೆಳಗಿಂದ ಹದಿನೇಳು ಪುಸ್ತಕ ವಾಪಸು ಬಂದಿದೆ ಸರ್. ಎಲ್ಲಾ ಸ್ಕ್ಯಾನ್ ಮಾಡಿದೀನಿ. ಆದ್ರೆ..." ಗುಮಾಸ್ತರು ಬಿಳಿಯತ್ತ ಬೆರಳು ತೋರಿಸಿದರು. ಅಧಿಕಾರಿಗಳು ಪೆನ್ನಿನ ಮುಚ್ಚಳ ತೆಗೆದರು. ಮುಚ್ಚಳದ ಆ 'ಟಪ್' ಸದ್ದಿಗೆ ಮೇಡಂ ಕಣ್ಣು ಮುಚ್ಚಿಕೊಂಡರು.

ಆಗ ಬಾಗಿಲ ಬೆಳಕಿಗೆ ಯಾರೋ ಅಡ್ಡ ಬಂದರು. ನೋಡಿದರೆ ಅತ್ತೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಎರಡು ದೊಡ್ಡ ಚೀಲ, ಹಿಂದೆ ಒಂದು ತಳ್ಳುಗಾಡಿ, ಗಾಡಿಯವನ ಸಮೇತ.

"ಎಲ್ಲಿ ನನ್ನ ಪುಸ್ತಕಗಳು?" ಎಂದರು ಅತ್ತೆ.

ಗುಮಾಸ್ತರು ಎದ್ದು ನಿಂತರು. "ಅತ್ತೆ... ಯಾವ ಪುಸ್ತಕ?"

"ನನ್ನನ್ನ ಕೇಳ್ತೀರಾ? ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಶುರು ಆಯ್ತು. ನೀವು ಕಾಯ್ದಿರಿಸಿದ ಪುಸ್ತಕ ಬಂದಿದೆ, ನೀವು ಕಾಯ್ದಿರಿಸಿದ ಪುಸ್ತಕ ಬಂದಿದೆ! ತಿಂಡಿ ತಿನ್ನೋಕೆ ಬಿಡಲಿಲ್ಲ, ಕಣ್ಣು ಮುಚ್ಚೋಕೆ ಬಿಡಲಿಲ್ಲ. ನಲವತ್ಮೂರು! ಒಂದೊಂದಕ್ಕೂ ಗೀಟು ಹಾಕಿ ಲೆಕ್ಕ ಇಟ್ಟಿದ್ದೀನಿ. ಅಷ್ಟು ಪುಸ್ತಕ ಕೈಯಲ್ಲಿ ಹೊರೋಕೆ ಆಗುತ್ತಾ? ಗಾಡಿ ತಂದಿದ್ದೀನಿ. ಕೊಡಿ, ತುಂಬಿಸಿ."

ಬೆಂಚಿನಿಂದ ದರ್ಜಿಯಮ್ಮ ಫೋನು ಎತ್ತಿ ಹಿಡಿದು ಮೆಲ್ಲಗೆ, "ನಾನು ಬೆಳಗಿಂದ ಅದನ್ನೇ ಹೇಳ್ತಾ ಇದೀನಪ್ಪ," ಎಂದರು.

"ಹಾಗಾದ್ರೆ ಅವನು ಬಂದಿದ್ದಾನೆ!" ಬೈಂಡರು ಕೂಗಿದ.

"ಆಸಾಮಿ ಇಡೀ ದಿನ ಇಲ್ಲೇ ಇದ್ದ," ಹವಾಲ್ದಾರರು ಬರೆದದ್ದನ್ನೆಲ್ಲ ಹೊಡೆದುಹಾಕಿದರು.

"ಹಾಗಿದ್ದರೆ ಬರೆದಿದ್ದೆಲ್ಲಿ?" ಅಧಿಕಾರಿಗಳು ಕೇಳಿದರು. ಅವರೂ ಕಚೇರಿಯಲ್ಲಿ ಬೆಳೆದ ಜೀವ.

ಅತ್ತೆ ಚೀಲಗಳನ್ನು ಹವಾಲ್ದಾರರ ಕೈಗೆ ಕೊಟ್ಟು ಕೌಂಟರಿನ ಒಳಗೇ ಬಂದರು. ಗುಮಾಸ್ತರ ಹೆಗಲ ಮೇಲಿಂದ ಪರದೆ ನೋಡಿದರು. ಮೂವತ್ತನಾಲ್ಕು ವರ್ಷ ವಾರ್ಡಿಗೆ ಕಾಲಿಟ್ಟ ಕ್ಷಣ ಮಾಡಿದ ಕೆಲಸವನ್ನೇ ಈಗಲೂ ಮಾಡಿದರು. ಕೆಳಗಿನದ್ದೇನೂ ಓದಲಿಲ್ಲ, ಮೊದಲು ಚೀಟಿಯ ತಲೆ ನೋಡಿದರು.

"ಇದು ಯಾವ ತಿಂಗಳ ಚಾರ್ಟು?"

"ಲಾಗ್ ಅತ್ತೆ, ಚಾರ್ಟಲ್ಲ..."

"ಮೇಲೆ ಬರೆದಿದೆಯಲ್ಲ, ಒಂದರಿಂದ ಮೂವತ್ತೊಂದರವರೆಗೆ. ಹೋದ ತಿಂಗಳ ಚಾರ್ಟ್ ಹಿಡ್ಕೊಂಡು ಇವತ್ತಿನ ಜ್ವರ ಎಲ್ಲಿ ಅಂದ್ರೆ? ಮೂವತ್ತೊಂದಕ್ಕೆ ಮುಗಿಸು ಅಂತ ನೀವೇ ಗೆರೆ ಎಳೆದಿದ್ದೀರಿ. ಹೊಸ ಹಾಳೆ ತೆಗೆದಿಲ್ಲ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಡಂಗುರ ಹೊಡೆದ ಹಾಗಾಯ್ತು."

ಗುಮಾಸ್ತರ ಬೆರಳು 'ವರೆಗೆ' ಎಂಬ ಖಾನೆಗೆ ಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಎದೆ ಗಟ್ಟಿಮಾಡಿಕೊಂಡು, ಒಂದು ಖಾನೆಯನ್ನು ಖಾಲಿ ಬಿಟ್ಟರು.

ಬಂತು ನೋಡಿ! ಅಣೆಕಟ್ಟಿನ ಬಾಗಿಲು ತೆಗೆದಂತೆ ಸಾಲಿನ ಮೇಲೆ ಸಾಲು, ಸಾಲಿನ ಮೇಲೆ ಸಾಲು. ಪುಸ್ತಕ ಬಂದದ್ದು ಹದಿನೇಳು, ಪರೀಕ್ಷೆ ನಲವತ್ಮೂರು, ಒಟ್ಟು ಅರವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನಿಮಿಷ, ಸೆಕೆಂಡು ಸಮೇತ. ಅತ್ತೆ ತಮ್ಮ ಗೀಟುಗಳ ಚೀಟಿ ತೆಗೆದು ತಾಳೆ ನೋಡಿ, ಮೊಟ್ಟಮೊದಲ ಬಾರಿಗೆ ಮೆಚ್ಚುಗೆಯಿಂದ 'ಹೂಂ' ಎಂದರು. ಹೀಗೆ ಬರೆದಿಡುವ ಸಿಸ್ಟರುಗಳು ತಮ್ಮ ಕಾಲದಲ್ಲೂ ಇಬ್ಬರೇ ಇದ್ದರಂತೆ.

ಅಧಿಕಾರಿಗಳು ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. "ಹದಿನೇಳರಲ್ಲಿ ಕಾಯ್ದಿರಿಸಿದವು ಆರು. ಸಂದೇಶ ಹೋದದ್ದು ಆರು ಜನಕ್ಕೆ. ಬೆಂಚಿನ ಮೇಲೆ ಐದೇ ಜನ ಇದ್ದೀರಲ್ಲ. ಆರನೆಯವರು ಎಲ್ಲಿ?"

ಗುಮಾಸ್ತರು ಸಾಲು ಹುಡುಕಿದರು. "ಹನ್ನೊಂದು ಹನ್ನೆರಡಕ್ಕೆ ಸರ್. ಪುಸ್ತಕ, ಜೇನು ಸಾಕಣೆ."

ಅಧಿಕಾರಿಗಳ ಕೈಯ ಪೆನ್ನು ನಿಂತಿತು. ಅವರು ನಿಧಾನವಾಗಿ ಜೇಬಿನಿಂದ ತಮ್ಮ ಫೋನು ತೆಗೆದರು. ನೋಡಿದರು. ಬಳಪದ ಕಡ್ಡಿಯಂಥ ಆ ಮುಖ ಒಂದು ಗಳಿಗೆ ಹತ್ತು ವರ್ಷದ ಹುಡುಗನ ಮುಖವಾಯಿತು. "ಎರಡು ತಿಂಗಳಿಂದ ಕಾಯ್ತಾ ಇದ್ದೆ," ಎಂದರು. "ಎಲ್ಲಿ, ಕೊಡಿ."

ಪುಸ್ತಕ ಕಂಕುಳಿಗೆ ಬಂದ ಮೇಲೆ ಅವರು ಮುಚ್ಚಳ ತೆಗೆದ ಪೆನ್ನಿನಲ್ಲಿ ಬರೆದದ್ದು ಒಂದೇ ಪದ: 'ಕಾಯಂ.' ಮೇಡಂ ಕಣ್ಣು ಬಿಟ್ಟರು. ಹವಾಲ್ದಾರರು ಎರಡು ಚೀಲ ಹಿಡಿದೇ ಸೆಲ್ಯೂಟ್ ಹೊಡೆದರು.

"ದಿನಾಂಕ ಹಿಡಿದುಕೊಟ್ಟ ಈ ತಾಯಿ ಯಾರು?" ಹೊರಡುವಾಗ ಅಧಿಕಾರಿಗಳು ಕೇಳಿದರು. "ಈ ಉಸ್ತುವಾರಿಯವರಿಗೆ ಏನಾಗಬೇಕು?"

ಗುಮಾಸ್ತರು ನೆಲ ನೋಡಿದರು. ಹದಿನೆಂಟು ವರ್ಷ ಕೇಳಿದ ಮಾತು, ಬರುವ ಮೊದಲೇ ಕಿವಿ ಅದಕ್ಕೆ ಜಾಗ ಮಾಡಿಕೊಂಡಿತು.

ಅತ್ತೆ ಸೆರಗು ಸರಿಮಾಡಿಕೊಂಡರು. "ನಮ್ಮ ಅಳಿಯಂದಿರು," ಎಂದರು, ಬೆಂಚಿನ ಐವರಿಗೂ ಗಾಡಿಯವನಿಗೂ ಕೇಳುವಂತೆ. "ದೊಡ್ಡವರೂ ಒಬ್ಬರಿದ್ದಾರೆ, ಸೇತುವೆ ಕಟ್ತಾರೆ. ಏನು ಕಟ್ಟಿ ಏನು, ತಿಂಗಳಿಗೆ ಒಂದು ಫೋನಿಲ್ಲ. ಇವರು ನೋಡಿ, ಇಷ್ಟೊಂದು ಕೆಲಸದ ನಡುವೆಯೂ ಒಂದೇ ದಿನಕ್ಕೆ ನಲವತ್ಮೂರು ಸಲ ನನ್ನನ್ನ ನೆನೆಸಿಕೊಂಡಿದ್ದಾರೆ. ಎಲ್ಲದಕ್ಕೂ ಬರವಣಿಗೆಯಲ್ಲಿ ಸಾಕ್ಷಿ ಇದೆ."

ಗುಮಾಸ್ತರ ಕಣ್ಣು ಮಂಜಾಯಿತು. ಆಸರೆಗೆಂದು ಮೇಜಿನ ಮೇಲೆ ಕೈ ಊರಿದರು. ಕೈ ಬಿದ್ದದ್ದು ಯಾವುದರ ಮೇಲೆ ಎಂದು ನೋಡುವಷ್ಟು ವ್ಯವಧಾನ ಅವರಿಗಿರಲಿಲ್ಲ. ಪರದೆ 'ಸರಿ' ಎಂದಿತು.

ಅತ್ತೆಯ ಕೈಯಲ್ಲಿ ಫೋನು ಗುಂಯ್ ಎಂದಿತು. ಅವರು ಓದಿ, ಗಾಡಿಯವನ ಕಡೆ ತಿರುಗಿ, ಗತ್ತಿನಿಂದ ಹೇಳಿದರು:

"ಸ್ವಲ್ಪ ನಿಲ್ಲಪ್ಪ. ನಮ್ಮ ಅಳಿಯಂದಿರು ಇನ್ನೊಂದು ಕೊಡ್ತಾರಂತೆ."